ಬೈರಿಗೆ ಅಕ್ಕ ಮತ್ತು ಮಾವನ ಸ್ಕ್ಯಾನರು

ಅವಳಿಗೆ ಬೈರಿಗೆ ಅಕ್ಕ ಎಂದು ಹೆಸರಿಟ್ಟವರು ಹಳೇ ರೇಡಿಯೋ ಕೂಡಿಡುವವರ ಸಂಘದವರು. ಮುಖದ ಮುಂದೆ ಇಟ್ಟ ಹೆಸರಲ್ಲ, ಬೆನ್ನ ಹಿಂದೆ ಇಟ್ಟದ್ದು. ಒಂದು ಸಭೆಯಲ್ಲಿ ಚಹದ ಹೊತ್ತಿಗೆ ಯಾರೋ ಬಾಯಿ ತಪ್ಪಿ ಹಾಗೇ ಕರೆದುಬಿಟ್ಟರು. ಕರೆದವನ ನಾಲಿಗೆಯ ಪಸೆ ಆರಿತು. ಅವಳು ಲೋಟ ಕೆಳಗಿಟ್ಟು, "ಚೆನ್ನಾಗಿದೆಯಲ್ಲ! ಅಪ್ಪ ಅಮ್ಮ ಇಟ್ಟಿದ್ದಕ್ಕಿಂತ ಇದೇ ನನಗೆ ಒಪ್ಪುತ್ತೆ. ಇನ್ಮೇಲೆ ಹಾಗೇ ಕರೀರಿ" ಎಂದಳು. ಅವತ್ತಿನಿಂದ ಆಡಿಕೊಳ್ಳುವವರಿಗೆ ಅದರಲ್ಲಿದ್ದ ರುಚಿಯೇ ಹೋಯಿತು.

ಆ ಹೆಸರಿಗೆ ಕಾರಣ ಎರಡು. ಹಳೇ ಸ್ಕ್ಯಾನರುಗಳ ಬೆನ್ನಿಗೆ ಅವಳು ಬೈರಿಗೆ ಇಟ್ಟು ತೂತು ಕೊರೆಯುತ್ತಾಳೆ ಎನ್ನುವುದು ಒಂದು. ಒಂದು ವಿಷಯ ಹಿಡಿದಳೆಂದರೆ ಎದುರಿಗಿದ್ದವರ ತಲೆಯನ್ನೂ ಅಷ್ಟೇ ಶ್ರದ್ಧೆಯಿಂದ ಕೊರೆಯುತ್ತಾಳೆ ಎನ್ನುವುದು ಇನ್ನೊಂದು. ಎರಡೂ ನಿಜ. ಸುಳ್ಳು ಹೇಳಿ ಅವಳನ್ನು ದೇವತೆ ಮಾಡುವ ಉಸಾಬರಿ ನಮಗೇಕೆ?

ಹೊಟ್ಟೆಪಾಡಿಗೆ ಅವಳದು ಲಿಫ್ಟ್ ರಿಪೇರಿ ಕೆಲಸ. ಸೇರಿದ ಮೊದಲ ದಿನ ಮೇಸ್ತ್ರಿ ಅವಳನ್ನು ಫೋನಿನ ಮುಂದೆ ಕೂರಿಸಿ, "ಬಂದ ಕಂಪ್ಲೇಂಟ್ ಬರ್ಕೋಮ್ಮ, ಸಾಕು" ಎಂದಿದ್ದ. ಮಧ್ಯಾಹ್ನದ ಹೊತ್ತಿಗೆ ಅವಳು ಲಿಫ್ಟಿನ ತಲೆಯ ಮೇಲೆ ನಿಂತು ಹಗ್ಗಕ್ಕೆ ಗ್ರೀಸು ಹಚ್ಚುತ್ತಿದ್ದಳು. ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಮೇಸ್ತ್ರಿ ಬಂದು ಕಿರುಚಾಡಿದ. ಅವಳು ಮೇಲಿನಿಂದಲೇ, "ಫೋನ್ ಎತ್ತೋಕೆ ನಿಮಗೆ ಬರುತ್ತಲ್ಲ ಸಾರ್, ನೀವೇ ಎತ್ತಿ" ಎಂದಳು. ಕೆಲಸ ಹೋಗಲಿಲ್ಲ, ಹೇಗೋ ಉಳಿಯಿತು. ಈಗ ಅವಳ ಕಿವಿಯ ಹತ್ತಿರ ಕೂದಲು ನರೆತಿದೆ. ಆ ಕಂಪನಿಯಲ್ಲಿ ಫೋನಿನ ಮುಂದೆ ಕೂರುವವನು ಒಬ್ಬ ಗಂಡಸು.

ಸ್ಕ್ಯಾನರ್ ಎನ್ನುವುದು ಹಾಡು, ವಾರ್ತೆ ಕೇಳಿಸುವ ರೇಡಿಯೋ ಅಲ್ಲ. ಬಂದರಿನ ದೋಣಿಗಳು, ವಿಮಾನಗಳು, ಕ್ರೇನಿನವರು ತಮ್ಮತಮ್ಮಲ್ಲೇ ಆಡುವ ಮಾತಿಗಾಗಿ ಒಂದೊಂದೇ ಚಾನೆಲ್ಲನ್ನು ತಡಕುತ್ತಾ ಹೋಗಿ, ಮಾತು ಸಿಕ್ಕಿದಲ್ಲಿ ನಿಲ್ಲುವ ಪೆಟ್ಟಿಗೆ ಅದು. ಹಳೇ ಕಾಲದ ಸೆಟ್ಟುಗಳಿಗೆ ಕಂಪ್ಯೂಟರ್ ಎಂದರೆ ಏನೆಂದೇ ಗೊತ್ತಿಲ್ಲ. ಚಾನೆಲ್ ಬದಲಿಸಬೇಕೆಂದರೆ ಮುಂದಿರುವ ಪುಟಾಣಿ ಗುಂಡಿಗಳನ್ನು ಒಂದೊಂದಾಗಿ ಒತ್ತಬೇಕು. ಬೈರಿಗೆ ಅಕ್ಕ ಮಾಡುವ ಬೋರ್ಡು ಸೆಟ್ಟಿನ ಒಳಗೆ, ಗುಂಡಿಗಳ ಬೆನ್ನಿಗೆ ಕೂರುತ್ತದೆ. ಒಂದು ಕಡೆಯ ವೈರುಗಳು ಗುಂಡಿಗಳಿಗೆ, ಇನ್ನೊಂದು ಕಡೆಯ ಕೇಬಲ್ಲು ಕಂಪ್ಯೂಟರಿಗೆ. ಕಂಪ್ಯೂಟರ್ ಹೇಳಿದ ಗುಂಡಿಯನ್ನು ಬೋರ್ಡು ಒತ್ತುತ್ತದೆ. ಯಾರೋ ಬೆರಳಿಟ್ಟು ಒತ್ತಿದರು ಎಂದೇ ಸೆಟ್ಟು ತಿಳಿಯುತ್ತದೆ.

ಇದೆಲ್ಲ ತಯಾರಾಗುವುದು ಅಡುಗೆಮನೆಯ ಕಟ್ಟೆಯ ಮೇಲೆ. ತಾಮ್ರ ಹೊದಿಸಿದ ಹಲಗೆಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು, ಅದನ್ನು ಹಳೇ ಪ್ಲಾಸ್ಟಿಕ್ ಡಬ್ಬಿಯ ಕಂದು ದ್ರಾವಣದಲ್ಲಿ ಮುಳುಗಿಸಿ ಅಲ್ಲಾಡಿಸುತ್ತಾಳೆ. ಬೇಡದ ತಾಮ್ರವೆಲ್ಲ ಕರಗಿ ಗೆರೆ ಮಾತ್ರ ಉಳಿಯುತ್ತದೆ. ಕಟ್ಟೆಯ ಕಲ್ಲಿನ ಮೇಲೆ ಎಷ್ಟು ಉಜ್ಜಿದರೂ ಹೋಗದ ಕಲೆಗಳಿವೆ. ಅವಳ ಗಂಡ ಜಗಳದ ವಾಸನೆ ಬಡಿದರೆ ಚೀಲ ಹಿಡಿದು ಅಂಗಡಿಗೆ ಹೊರಡುವ ಸಾಧು. ಅವನು ಕೂಡ ಒಮ್ಮೆ, "ಯಾವ ಡಬ್ಬಿ ತಿನ್ನೋದು, ಯಾವುದು ತಿಂದ್ರೆ ಸಾಯೋದು ಅಂತ ಒಂದು ಚೀಟಿನಾದ್ರೂ ಅಂಟಿಸೇ" ಎಂದು ಬೇಡಿಕೊಂಡಿದ್ದ. ಅವಳು ಅಂಟಿಸಿದಳು. ಉಪ್ಪಿನ ಡಬ್ಬಿಗೂ ಅಂಟಿಸಿದಳು.

ಸಂಘದಲ್ಲಿ ತೂತು ಮಹಾಪಾಪ. ಹಳೇ ಸೆಟ್ಟು ಕಾರ್ಖಾನೆಯಿಂದ ಬಂದ ಹಾಗೆಯೇ ಇರಬೇಕು, ಒಂದು ತಿರುಪು ಬದಲಾದರೂ ಅದರ ಮಾನ ಹೋದಂತೆ ಎನ್ನುವುದು ಅಲ್ಲಿನ ನಿಯಮ. ಈ ನಿಯಮವನ್ನು ಎದೆಗವಚಿಕೊಂಡು ಕಾಯುವ ಅಧ್ಯಕ್ಷರು ಹಲ್ಲಿನ ಡಾಕ್ಟರು. ಬೆಳಗಿನಿಂದ ಸಂಜೆಯವರೆಗೆ ಜನರ ಹಲ್ಲಿಗೆ ತೂತು ಕೊರೆಯುವ ಮನುಷ್ಯ ಒಂದು ತಗಡಿಗೆ ತೂತು ಬಿದ್ದರೆ ಕಣ್ಣಲ್ಲಿ ನೀರು ತರುತ್ತಿದ್ದರು. ಸಭೆಯಲ್ಲಿ ಅವರ ಮಾತಿಗೆ ತಲೆಯಾಡಿಸಿದವರಲ್ಲಿ ಅರ್ಧ ಜನ ಆಮೇಲೆ ಬೈರಿಗೆ ಅಕ್ಕನ ಮನೆಯ ಹಿಂಬಾಗಿಲಿಗೆ ಬಂದು, ಚೀಲದಿಂದ ಸೆಟ್ಟು ತೆಗೆದು, "ಯಾರಿಗೂ ಹೇಳ್ಬೇಡಿ" ಎಂದು ಪಿಸುಗುಟ್ಟುತ್ತಿದ್ದರು. ಅವಳು ಯಾರಿಗೂ ಹೇಳುತ್ತಿರಲಿಲ್ಲ. ಬೀದಿಗೆಲ್ಲ ಕೇಳಿಸುವಂತೆ, "ಮುಂಬಾಗಿಲು ಏನ್ ತಪ್ಪು ಮಾಡಿತ್ತು?" ಎಂದು ಮಾತ್ರ ಕೇಳುತ್ತಿದ್ದಳು.

ಇನ್ನು ಅವಳ ಮಾವನ ವಿಷಯ. ಆತ ಆಯಸ್ಸನ್ನೆಲ್ಲ ಬಂದರಿನಲ್ಲಿ ಕ್ರೇನ್ ಓಡಿಸಿದವರು. ಆಕಾಶದಲ್ಲಿ ತೂಗುವ ಗಾಜಿನ ಗೂಡಿನಲ್ಲಿ ಕೂತು ಮನೆಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಮೊಟ್ಟೆ ಇಟ್ಟ ಹಾಗೆ ಇಳಿಸುತ್ತಿದ್ದರಂತೆ. ತಮ್ಮ ಮದುವೆಗೆ ಮುಂಚೆ ಕೊಂಡ ಒಂದು ಸ್ಕ್ಯಾನರು ಅವರ ಕೋಣೆಯ ಕಿಟಕಿಯ ಬಳಿ ಇತ್ತು. ನಿವೃತ್ತಿಯಾದ ಮೇಲೆ ದಿನಾ ಬೆಳಗ್ಗೆ ಅದರ ಮುಂದೆ ಕೂತು, ಯಾವ ಹಡಗು ಬಂತು, ಯಾವ ಕ್ರೇನಿನವನು ಯಾರಿಗೆ ಬೈದ, ಹಡಗಿಗೆ ದಾರಿ ತೋರಿಸುವ ಪೈಲಟ್ ದೋಣಿಯವನಿಗೆ ನೆಗಡಿ ವಾಸಿಯಾಯಿತೋ ಇಲ್ಲವೋ, ಎಲ್ಲ ವಿಚಾರಿಸಿಕೊಳ್ಳುತ್ತಿದ್ದರು. ಅಲ್ಲಿದ್ದ ಯಾರಿಗೂ ಇವರು ಕೇಳುತ್ತಿದ್ದಾರೆಂದು ಗೊತ್ತಿರಲಿಲ್ಲ. ಇವರಿಗೆ ಮಾತ್ರ ಎಲ್ಲರೂ ಗೊತ್ತು. ಊಟಕ್ಕೆ ಬಂದು ಕೂತರೆ, "ಮೂರನೇ ಕ್ರೇನಿನ ಹುಡುಗನಿಗೆ ಸ್ವಲ್ಪ ಅವಸರ ಜಾಸ್ತಿ" ಎಂದು ಮನೆಯ ಹುಡುಗನ ಮೇಲೆ ದೂರು ಹೇಳಿದ ಹಾಗೆ ಹೇಳುವರು.

ಆಮೇಲೆ ಬೆರಳುಗಳು ಕೈಕೊಟ್ಟವು. ಗಂಟುಗಳು ಊದಿ, ಬೆರಳುಗಳು ಅಂಗೈಯೊಳಗೆ ಮಡಚಿಕೊಂಡು ಬಿಟ್ಟವು. ಲೋಟ ಹಿಡಿಯಲು ಎರಡೂ ಕೈ ಬೇಕಾಯಿತು. ಸ್ಕ್ಯಾನರಿನ ಗುಂಡಿಗಳು ಅವರೆಕಾಳಿನಷ್ಟು ಸಣ್ಣವು. ಒಂದು ಒತ್ತಲು ಹೋದರೆ ಮೂರು ಒತ್ತಿಕೊಳ್ಳುತ್ತಿದ್ದವು. ಸೊಸೆ, "ನಾನು ಒತ್ತಿಕೊಡ್ಲಾ ಮಾವ?" ಎಂದು ಕೇಳಿದಳು. ಅವರು, "ಬೇಡಮ್ಮ, ಇವತ್ತು ಯಾವ ಹಡಗೂ ಇಲ್ಲ" ಎಂದರು. ಮರುದಿನವೂ ಹಡಗು ಇರಲಿಲ್ಲ. ಕಿಟಕಿಯಲ್ಲಿ ನೋಡಿದರೆ ಬಂದರಿನ ತುಂಬ ಹಡಗು. ಒತ್ತಿಕೊಡಿ ಎಂದು ಇನ್ನೊಬ್ಬರನ್ನು ಕೇಳುವುದಕ್ಕಿಂತ ಸೆಟ್ಟನ್ನು ಮುಚ್ಚಿಡುವುದೇ ಅವರಿಗೆ ಮೇಲು ಅನ್ನಿಸಿತ್ತು. ಅದರ ಮೇಲೆ ಒಂದು ಟವೆಲ್ ಹೊದಿಸಿದರು. ಊಟದ ಹೊತ್ತಿನ ಮಾತೂ ನಿಂತಿತು.

ಈ ಸುದ್ದಿ ಹಲ್ಲಿನ ಡಾಕ್ಟರಿಗೆ ತಲುಪಿತು. ಆ ಕಾಲದಲ್ಲಿ ಆ ಕಂಪನಿ ಮಾಡಿದ ಎಲ್ಲ ಸ್ಕ್ಯಾನರುಗಳೂ ಅವರ ಗಾಜಿನ ಬೀರುವಿನಲ್ಲಿದ್ದವು, ಇದೊಂದನ್ನು ಬಿಟ್ಟು. ಬೀರುವಿನಲ್ಲಿ ಅದಕ್ಕೆಂದು ಜಾಗ ಖಾಲಿ ಬಿಟ್ಟಿದ್ದರು ಕೂಡ. ಮಾವ ಎಂದೋ ಮಾತಿಗೆ, "ನನ್ನ ಕಾಲ ಆದ್ಮೇಲೆ ನಿಮಗೇ" ಎಂದಿದ್ದರು. ಈಗ ಡಾಕ್ಟರು ಮನೆಗೆ ಬಂದು, ಮಾವನ ಪಕ್ಕ ಕೂತು, ಬೆಣ್ಣೆ ಹಚ್ಚಿದಂಥ ದನಿಯಲ್ಲಿ, "ಹೇಗೂ ಉಪಯೋಗಿಸ್ತಾ ಇಲ್ವಲ್ಲ. ಇಲ್ಲಿ ದೂಳು ತಿನ್ನೋ ಬದಲು ನಮ್ಮಲ್ಲಿ ಮರ್ಯಾದೆಯಿಂದ ಇರುತ್ತೆ. ನಿಮ್ಮ ಹೆಸರಿನ ಫಲಕ ಹಾಕಿಸ್ತೀನಿ" ಎಂದರು. ಮಾವ ಟವೆಲನ್ನು ನೋಡುತ್ತಾ, "ಭಾನುವಾರ ಬಂದು ತಗೊಂಡು ಹೋಗಿ" ಎಂದರು.

ಬೈರಿಗೆ ಅಕ್ಕ ಅಡುಗೆಮನೆಯಿಂದ ಕೇಳಿಸಿಕೊಂಡಳು. ಅವಳ ಮೈ ಉರಿಯಿತು. ಬದುಕಿರುವ ಮನುಷ್ಯನ ಹೆಸರಿಗೆ ಫಲಕವೇ? ಗಂಡ ಚೀಲ ಹುಡುಕತೊಡಗಿದ. "ಅಪ್ಪ ಒಪ್ಪಿದ್ದಾರಲ್ಲ ಕಣೇ" ಎಂದ. "ಒಪ್ಪಿಲ್ಲ, ಸೋತಿದ್ದಾರೆ. ಎರಡಕ್ಕೂ ವ್ಯತ್ಯಾಸ ಗೊತ್ತಿಲ್ವಾ ನಿಮಗೆ?" ಎಂದು ಅವಳು ಚೀಲವನ್ನು ಅವನ ಕೈಗೇ ಕೊಟ್ಟಳು.

ಅಂದೇ ನಿರ್ಧರಿಸಿದಳು. ಈ ಸೆಟ್ಟಿಗೊಂದು ಬೋರ್ಡು ಹಾಕಬೇಕು. ಕಂಪ್ಯೂಟರಿಗೆ ಲಿಫ್ಟಿನ ದೊಡ್ಡ ಗುಂಡಿಗಳನ್ನೇ ಜೋಡಿಸಬೇಕು, ಮುಷ್ಟಿಯಿಂದ ಗುದ್ದಿದರೂ ಕೆಲಸ ಮಾಡುವಂಥವು. ಒಂದಕ್ಕೆ ಪೈಲಟ್ ದೋಣಿ, ಒಂದಕ್ಕೆ ಕ್ರೇನು, ಒಂದಕ್ಕೆ ಬಂದರಿನ ಗೋಪುರ. ಭಾನುವಾರದೊಳಗೆ ಮುಗಿಸಬೇಕು. ಇಷ್ಟೆಲ್ಲ ಯೋಚಿಸಿದವಳು ಸೆಟ್ಟು ಯಾರದೋ ಅವರನ್ನು ಒಂದು ಮಾತು ಕೇಳಲಿಲ್ಲ. ಒಳ್ಳೆಯದನ್ನು ಮಾಡಲು ಹೊರಟಾಗ ಅವಳಿಗೆ ಯಾರನ್ನೂ ಕೇಳುವ ಅಭ್ಯಾಸವಿರಲಿಲ್ಲ.

ಮಾವ ಆಸ್ಪತ್ರೆಗೆ ಹೋದ ದಿನ ಕೆಲಸಕ್ಕೆ ರಜೆ ಹಾಕಿ ಸೆಟ್ಟನ್ನು ಬಿಚ್ಚಿದಳು. ಒಳಗೆ ಬಟ್ಟೆ ಹೊಲಿದಷ್ಟು ಅಚ್ಚುಕಟ್ಟಾದ ವೈರಿಂಗು. ನೋಡಿ ಅವಳ ಮನಸ್ಸು ತುಂಬಿ ಬಂತು. ಗುಂಡಿಗಳ ಹಿಂದಿನ ಗೆರೆಗಳಿಗೆ ಒಂದೊಂದೇ ವೈರು ಬೆಸುಗೆ ಹಾಕಿದಳು, ಬೋರ್ಡು ಕೂರಿಸಿದಳು, ಕಂಪ್ಯೂಟರಿಗೆ ಸಿಕ್ಕಿಸಿ ಪೈಲಟ್ ದೋಣಿಯ ಚಾನೆಲ್ಲಿನ ಅಂಕಿಗಳನ್ನು ಕಳಿಸಿದಳು. ಸೆಟ್ಟು ಮೊದಲ ಅಂಕಿ ತೋರಿಸಿತು, ನಡುವಿನದನ್ನೆಲ್ಲ ನುಂಗಿತು, ಕೊನೆಯದೊಂದನ್ನು ಉಗುಳಿ ತಪ್ಪು ಎಂದು ಮಿನುಗಿತು. ಇನ್ನೊಮ್ಮೆ ಮಾಡಿದಳು. ಈ ಸಲ ಎಲ್ಲವನ್ನೂ ನುಂಗಿತು. ಬೆಸುಗೆಗಳನ್ನು ಬಿಚ್ಚಿ ಮತ್ತೆ ಹಾಕಿದಳು. ಬೋರ್ಡಿನ ಮೇಲಿನ ಐಸಿ ಬದಲಿಸಿದಳು. ಸೆಟ್ಟು ಮಿಂಚಿ ಮಿಂಚಿ ಸುಮ್ಮನಾಯಿತು. ಈವರೆಗೆ ಎಷ್ಟೋ ಸೆಟ್ಟುಗಳಿಗೆ ಬೋರ್ಡು ಹಾಕಿದ್ದಳು, ಇಷ್ಟು ಹಳೆಯದಕ್ಕೆ ಹಾಕಿರಲಿಲ್ಲ. ಸುಟ್ಟುಹಾಕಿದೆನೇ ಎಂದು ಬೆವತಳು.

ಅಷ್ಟರಲ್ಲಿ ಮಾವ ಬಂದರು. ಬಾಗಿಲಲ್ಲೇ ನಿಂತು ಕರುಳು ಹೊರಬಿದ್ದ ಸೆಟ್ಟನ್ನೂ ಸೊಸೆಯನ್ನೂ ನೋಡಿದರು. ಅವರು ದನಿ ಎತ್ತಿದ್ದನ್ನು ಅವಳು ಅಲ್ಲಿಯವರೆಗೆ ಕೇಳಿರಲಿಲ್ಲ.

"ನನ್ನನ್ನ ಒಂದು ಮಾತು ಕೇಳಿದ್ಯಾ?"

"ಮಾವ, ನಿಮಗೋಸ್ಕರಾನೇ..."

"ಆ ಡಾಕ್ಟ್ರೂ ಹಾಗೇ ಅಂದ. ಎಲ್ಲರೂ ನನಗೋಸ್ಕರಾನೇ ಮಾಡ್ತೀರ. ಬೆರಳು ಹೋಯ್ತು ಸರಿ, ಬಾಯೂ ಹೋಯ್ತು ಅಂದ್ಕೊಂಡ್ರಾ?"

ಅವಳು ತಲೆ ತಗ್ಗಿಸಿದಳು. "ತಪ್ಪಾಯ್ತು ಮಾವ. ಕೆಟ್ಟೂ ಹೋಗಿರ್ಬೇಕು. ಅಂಕಿಗಳನ್ನೆಲ್ಲ ನುಂಗ್ತಾ ಇದೆ" ಎಂದಳು.

ಮಾವ ಹತ್ತಿರ ಬಂದು, ಇನ್ನೂ ಉರಿಯುತ್ತಿದ್ದ ಮುಖದಲ್ಲೇ ಹೇಳಿದರು. "ಮಾಡಿ ತೋರಿಸು." ಅವಳು ಕರೆಂಟು ಆರಿಸಿ ಮತ್ತೆ ಹಾಕಿ, ಇನ್ನೊಮ್ಮೆ ಚಾನೆಲ್ ಕಳಿಸಿದಳು. ಸೆಟ್ಟು ಪಿಟಕ್ಕೆಂದು ಮಿನುಗಿ ನಿಂತಿತು.

"ಅಷ್ಟು ಅವಸರ ಮಾಡಿದ್ರೆ ಅದು ಏನ್ ಮಾಡುತ್ತೆ ಪಾಪ? ಗುಂಡಿ ಒತ್ತಿ ಹಿಡೀಬೇಕು. ಅದು ಕುಂಯ್ ಅನ್ನುತ್ತೆ. ಅಂದಮೇಲೆ ಬಿಡಬೇಕು. ಆಮೇಲೆ ಮುಂದಿನದು. ಅದು ಯಾವತ್ತೂ ಹಾಗೇ."

ಬೈರಿಗೆ ಅಕ್ಕ ಹಣೆ ಹಣೆ ಚಚ್ಚಿಕೊಂಡಳು. ದಿನಾ ಲಿಫ್ಟಿನ ಮುಂದೆ ನಿಂತು, ಗುಂಡಿಯನ್ನು ಪಟಪಟ ಕುಟ್ಟುವ ಜನರಿಗೆ, "ಒಂದ್ಸಲ ನೆಟ್ಟಗೆ ಒತ್ತಿ, ಅದಕ್ಕೂ ಕೇಳಿಸ್ಬೇಕಲ್ಲ" ಎಂದು ಬೈಯುವವಳು ಅವಳೇ. ಮನೆಯಲ್ಲಿ ಕಂಪ್ಯೂಟರಿಗೆ ಅದೇ ಕೆಟ್ಟ ಬುದ್ಧಿ ಕಲಿಸಿ ಕೂತಿದ್ದಳು. ಹೊಸ ಸೆಟ್ಟುಗಳು ಆ ವೇಗವನ್ನು ತಡೆದುಕೊಂಡಿದ್ದವು. ಇದು ತಡೆದುಕೊಳ್ಳಲಿಲ್ಲ. ಪ್ರತಿ ಗುಂಡಿಯನ್ನೂ ಒಂದು ಗಳಿಗೆ ಹಿಡಿದು ಬಿಡುವಂತೆ ಕಂಪ್ಯೂಟರಿಗೆ ತಿದ್ದಿ ಹೇಳಿದಳು. ಕುಂಯ್. ಕುಂಯ್. ಕುಂಯ್. ಅಂಕಿಗಳು ಸಾಲಾಗಿ ಕೂತವು. ಮಾವ ಸದ್ದಿಲ್ಲದೆ ಕುರ್ಚಿ ಎಳೆದುಕೊಂಡರು.

ಮರುದಿನ ಲಿಫ್ಟಿನ ಹಳೇ ಗುಂಡಿಗಳನ್ನು ಒಂದು ಹಲಗೆಗೆ ಜೋಡಿಸಿ ಅವರ ಮುಂದಿಟ್ಟು, ಕೈ ಕಟ್ಟಿ ನಿಂತಳು. "ನಿಮಗೆ ಬೇಡ ಅಂದ್ರೆ ಈಗ್ಲೇ ಎಲ್ಲ ಬಿಚ್ಚಿ ಮೊದಲಿನ ಹಾಗೆ ಮಾಡ್ತೀನಿ" ಎಂದಳು. ಅವರು ಮುಷ್ಟಿಯ ಬದಿಯಿಂದ ಮೊದಲ ಗುಂಡಿಯನ್ನು ಒತ್ತಿದರು. ಸೆಟ್ಟು ತಡಕಿ ನಿಂತಿತು. ಏನೋ ಮಾತು ಬಂತು, ಆದರೆ ಅದರ ಮೇಲೆ ಕೀರಲು ಸದ್ದಿನ ಕಂಬಳಿ. ಮುಚ್ಚಳ ತೆರೆದಿದ್ದರಿಂದ ಪಕ್ಕದ ಕಂಪ್ಯೂಟರಿನ ಗಲಾಟೆಯೆಲ್ಲ ಸೆಟ್ಟಿನೊಳಗೆ ನುಗ್ಗುತ್ತಿತ್ತು. ಬಿಚ್ಚಿಟ್ಟ ತಗಡಿನ ಚಿಪ್ಪನ್ನು ಮತ್ತೆ ಹೊದಿಸಿದರೆ ಗಲಾಟೆ ನಿಲ್ಲುತ್ತದೆ. ಆದರೆ ಚಿಪ್ಪಿನಲ್ಲಿ ಕೇಬಲ್ಲು ಹೊರಬರಲು ದಾರಿಯಿಲ್ಲ. ಗಾಳಿಗೆಂದು ಬಿಟ್ಟ ಸೀಳುಗಳಲ್ಲಿ ಉಗುರೂ ತೂರುವುದಿಲ್ಲ.

"ತೂತು ಬೇಕು" ಎಂದರು ಮಾವ.

"ಬೇಕು ಮಾವ. ತೂತು ಬಿದ್ರೆ ಮತ್ತೆ ಮುಚ್ಚೋಕೆ ಆಗಲ್ಲ. ಈ ಸಲ ನೀವು ಹೇಳೋವರೆಗೂ ನಾನು ಡ್ರಿಲ್ ಮುಟ್ಟಲ್ಲ."

ಅವರು ಹೂಂ ಎಂದರು, ಅಷ್ಟೇ. ಕೊರೆ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಡಾಕ್ಟರಿಗೆ ಕೊಟ್ಟ ಮಾತು ಅವರಿಗೆ ಹಗುರವಾದದ್ದಾಗಿರಲಿಲ್ಲ. ಶನಿವಾರ ಕಳೆಯಿತು. ಅವಳ ಜೀವಮಾನದಲ್ಲೇ ಅಷ್ಟು ಹೊತ್ತು ಬಾಯಿಗೆ ಬೀಗ ಹಾಕಿಕೊಂಡಿದ್ದು ಅದೇ ಮೊದಲು ಎಂದು ಗಂಡ ಈಗಲೂ ಹೇಳುತ್ತಾನೆ.

ಭಾನುವಾರ ಡಾಕ್ಟರು ಸ್ಪಂಜು ಹಾಕಿದ ಪೆಟ್ಟಿಗೆ ಹೊತ್ತು ಬಂದರು. ಮೇಜಿನ ಮೇಲೆ ಸೆಟ್ಟು ಬೆತ್ತಲೆ ಕೂತಿತ್ತು, ಪಕ್ಕದಲ್ಲಿ ಚಿಪ್ಪು. ನೋಡಿ ಅವರ ಮುಖ ಬಿಳುಚಿತು. ಚಿಪ್ಪನ್ನು ಎತ್ತಿ ತಿರುಗಿಸಿ ನೋಡಿ, ಎಲ್ಲೂ ತೂತಿಲ್ಲವೆಂದು ಖಚಿತವಾದ ಮೇಲೆ ಉಸಿರು ಬಿಟ್ಟರು. ಬೈರಿಗೆ ಅಕ್ಕ ವಿಷಯ ಹೇಳಿದಳು. ಡಾಕ್ಟರು ಕಿವಿಗೊಟ್ಟು ಕೇಳಿದರು. ಅವರೇನು ದುಷ್ಟರಲ್ಲ, ಆಸೆಬುರುಕರು ಅಷ್ಟೇ. ಸ್ವಲ್ಪ ಯೋಚಿಸಿ, "ಒಂದು ಕೆಲಸ ಮಾಡೋಣ. ನನ್ನ ಖರ್ಚಲ್ಲೇ ಇದೇ ಅಳತೆಯ ಬೇರೆ ಚಿಪ್ಪು ಮಾಡಿಸ್ತೀನಿ. ಅದಕ್ಕೆ ಎಷ್ಟು ತೂತು ಬೇಕಾದ್ರೂ ಕೊರೀರಿ. ಈ ಅಸಲಿ ಚಿಪ್ಪು ನನ್ನ ಹತ್ರ ಭದ್ರವಾಗಿರಲಿ. ಆಮೇಲೆ, ಯಾವತ್ತೋ ಒಂದಿನ, ಎಲ್ಲ ಸೇರಿಸ್ಕೊಳ್ಳೋಣ" ಎಂದರು.

ಬೈರಿಗೆ ಅಕ್ಕನಿಗೆ ಅದು ಒಳ್ಳೆಯ ದಾರಿಯೇ ಅನ್ನಿಸಿತು. ಮಾವನಿಗೆ ಬಂದರು ಕೇಳಿಸುತ್ತದೆ, ಡಾಕ್ಟರಿಗೂ ಸಮಾಧಾನ, ಕೊಟ್ಟ ಮಾತೂ ಉಳಿಯಿತು. "ಆಗಬಹುದು ಅನ್ಸುತ್ತೆ ಮಾವ" ಎಂದಳು. ಬೈರಿಗೆ ಅಕ್ಕನ ಬಾಯಲ್ಲಿ ರಾಜಿಯ ಮಾತು! ಗಂಡ ಚೀಲ ಹಿಡಿದು ಹೊಸಿಲಲ್ಲೇ ನಿಂತುಬಿಟ್ಟ.

ಮಾವ ಡಾಕ್ಟರನ್ನು ನೋಡಿದರು. "ಯಾವತ್ತೋ ಒಂದಿನ ಅಂದ್ರೆ ಯಾವತ್ತು?"

ಡಾಕ್ಟರು ತಡವರಿಸಿದರು. "ಅಲ್ಲ... ಅದೇ... ನೀವೇ ಹೇಳಿದ್ರಲ್ಲ..."

"ಹೇಳಿದ್ದೆ. ನನ್ನ ಕಾಲ ಆದ್ಮೇಲೆ ಅಂತ. ನೀವು ಈಗ ನನ್ನ ಸೆಟ್ಟಿನ ಮೈ ತಗೊಂಡು ಹೋಗಿ ಬೀರುಲಿ ಇಟ್ಕೊಂಡು, ಒಳಗಿಂದು ಯಾವಾಗ ಬರುತ್ತೆ ಅಂತ ಕಾಯ್ತೀರ. ನಾನು ಇಲ್ಲಿ ಕೂತು ದಿನಾ ಅದನ್ನೇ ಯೋಚ್ನೆ ಮಾಡ್ಬೇಕು."

"ಛೆ ಛೆ, ನನ್ನ ಉದ್ದೇಶ ಹಾಗಲ್ಲ..."

"ನಿಮ್ಮ ಉದ್ದೇಶ ಒಳ್ಳೇದೇ. ನಂಗೇ ಇನ್ನೂ ಹೊರಡೋ ಉದ್ದೇಶ ಇಲ್ಲ." ಅವರು ಎರಡೂ ಕೈ ಊರಿ ಎದ್ದರು. "ಮಗಳೇ, ಡ್ರಿಲ್ ಎಲ್ಲಿದೆ?"

ಹಿಂದಿನ ಕೋಣೆಯಲ್ಲಿ ಅವಳ ಡ್ರಿಲ್ಲು ಸ್ಟ್ಯಾಂಡಿನ ಮೇಲೆ ನಿಂತಿತ್ತು, ಪಕ್ಕದಲ್ಲಿ ಉದ್ದನೆಯ ಹಿಡಿ. ಅವಳು ಚಿಪ್ಪನ್ನು ಅದರ ಕೆಳಗೆ ಬಿಗಿದು, ಗುರುತು ಹಾಕಿ, ಹಿಡಿಗೆ ಕೈಯಿಡಲು ಹೋದಳು. ಮಾವ ಅವಳ ಕೈಯನ್ನು ಮೊಣಕೈಯಿಂದ ಸರಿಸಿದರು.

"ನೀನು ಬೇಡ. ನೀನು ಕೊರೆದ್ರೆ ಸಂಘದವರು ನಾಳೆ ನಿನ್ನ ಮೇಲೆ ಬೀಳ್ತಾರೆ. ಸೆಟ್ಟು ನಂದು, ತೂತೂ ನಂದೇ."

ಬೆರಳುಗಳಿಂದ ಹಿಡಿಯಲಾಗದಿದ್ದರೂ ಹಿಡಿಯ ಮೇಲೆ ಅಂಗೈಯ ಬುಡ ಇಡಬಹುದಿತ್ತು. ಇಟ್ಟರು. ಅವಳು ಸ್ವಿಚ್ಚು ಹಾಕಿದಳು. ಮಾವ ಸೊಂಟ ನೆಟ್ಟಗೆ ಮಾಡಿ, ಕಣ್ಣನ್ನು ಗುರುತಿನ ಮೇಲೆ ನೆಟ್ಟು, ಭಾರವನ್ನು ನಿಧಾನವಾಗಿ ಇಳಿಸಿದರು. ಒಂದಿಷ್ಟೂ ನಡುಗಲಿಲ್ಲ, ಒಂದಿಷ್ಟೂ ಅವಸರವಿಲ್ಲ. ತಗಡಿನ ಸುರುಳಿ ಹೊಳೆಯುತ್ತಾ ಮೇಲೆದ್ದು ಬಂತು. ಡಾಕ್ಟರು ಕಣ್ಣು ಮುಚ್ಚಿಕೊಂಡರು. ತನ್ನ ಕೈಯಲ್ಲಿ ಆಗಿದ್ದ ಎಷ್ಟೋ ತೂತುಗಳಲ್ಲಿ ಇಷ್ಟು ಚೊಕ್ಕವಾದದ್ದು ಒಂದೂ ಇಲ್ಲ ಎಂದು ಬೈರಿಗೆ ಅಕ್ಕನೇ ಹೇಳಿಕೊಂಡು ತಿರುಗುತ್ತಾಳೆ.

ಕೇಬಲ್ಲನ್ನು ತೂರಿಸಿ, ಚಿಪ್ಪು ಹೊದಿಸಿ, ತಿರುಪು ಬಿಗಿದಳು. ಮಾವ ಕುರ್ಚಿಯಲ್ಲಿ ಕೂತು ಮುಷ್ಟಿಯಿಂದ ಗುಂಡಿ ಗುದ್ದಿದರು. ಕೀರಲು ಸದ್ದು ಇರಲಿಲ್ಲ. ಯಾರೋ ಯಾರಿಗೋ, "ನಿಧಾನ, ನಿಧಾನ, ಇನ್ನೊಂದು ಚೂರು ಎಡಕ್ಕೆ" ಎನ್ನುತ್ತಿದ್ದ. ಮಾವನ ಹುಬ್ಬು ಮೇಲೇರಿತು.

ಡಾಕ್ಟರು ಖಾಲಿ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಅಳು ಬರುವಂಥ ದನಿಯಲ್ಲಿ, "ಏನ್ ಮಾಡಿಬಿಟ್ರಿ! ಇನ್ನು ಇದನ್ನ ಯಾರೂ ಮೂಸಿ ನೋಡಲ್ಲ ಗೊತ್ತಾ? ಯಾರಿಗೂ ಬೇಡ ಇದು" ಎಂದರು.

"ಗೊತ್ತು" ಎಂದರು ಮಾವ. ಇನ್ನೊಂದು ಗುಂಡಿ ಗುದ್ದಿ ಪೈಲಟ್ ದೋಣಿಗೆ ಕಿವಿಕೊಟ್ಟರು. "ಅದಕ್ಕೇ ಕೊರೆದಿದ್ದು. ಇನ್ನು ಇದು ಬೇಕಾಗಿರೋದು ನನಗೊಬ್ಬನಿಗೇ. ಸ್ವಲ್ಪ ಪಕ್ಕಕ್ಕೆ ಬನ್ನಿ ಡಾಕ್ಟ್ರೇ, ಕಿಟಕಿಗೆ ಅಡ್ಡ ನಿಂತಿದ್ದೀರ, ಹಡಗು ಕಾಣ್ತಾ ಇಲ್ಲ."